ಹದಿನೇಳೂವರೆ ಮೀನು

ರಿಜಿಸ್ಟರಿನಲ್ಲಿ ಹದಿನೇಳೂವರೆ ಮೀನು ಎಂದು ಬರೆದಿತ್ತು.

ಅವಳು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದಳು. ಅರ್ಧ ಅರ್ಧವಾಗಿಯೇ ಇತ್ತು. ನೀಲಿ ಶಾಯಿ, ದುಂಡಗಿನ ಅಕ್ಷರ, ಹದಿನೇಳರ ಪಕ್ಕಕ್ಕೆ ಪುಟ್ಟದಾಗಿ ಒಂದರ ಕೆಳಗೆ ಎರಡು. ಕೊಕ್ಕರೆ ಕಚ್ಚಿಕೊಂಡು ಹೋಗಿ ಉಳಿದ ಅರ್ಧವಿರಬಹುದೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಮುಂದಿನ ಪುಟದಲ್ಲಿ ನಲವತ್ತೊಂದೂವರೆ ಇತ್ತು, ಅದರಾಚೆಗೆ ಆರೂವರೆ. ಯಾವ ಕೊಕ್ಕರೆಯೂ ಇಷ್ಟು ಶಿಸ್ತಾಗಿ ಊಟ ಮಾಡುವುದಿಲ್ಲ.

ಕೆಲಸಕ್ಕೆ ಸೇರಿ ಅವಳಿಗಿನ್ನೂ ಮೂರು ವಾರ. ಬಂದರಿನ ರಸ್ತೆಯ ಕೊನೆಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆಗಳೇ ಮೀನೆಣಿಕೆಯ ಆಫೀಸು. ಕಿಟಕಿಯ ಕೀಲುಗಳನ್ನು ಉಪ್ಪುಗಾಳಿ ತಿಂದುಹಾಕಿದ್ದರಿಂದ ಕಿಟಕಿ ಮುಚ್ಚಬೇಕಾದರೆ ಯಾರಾದರೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಆ ಯಾರಾದರೂ ಸಾಮಾನ್ಯವಾಗಿ ಅವಳೇ. ಇಪ್ಪತ್ತು ವರ್ಷದ ಇಪ್ಪತ್ತು ರಿಜಿಸ್ಟರುಗಳನ್ನು ಕಂಪ್ಯೂಟರಿನ ಲೆಕ್ಕದೊಂದಿಗೆ ತಾಳೆ ನೋಡುವುದು ಅವಳ ಪಾಲಿಗೆ ಬಂದ ಕೆಲಸ. ಡಿಗ್ರಿ ಮುಗಿಸಿದವಳಿಗೆ ಇದೊಂದು ಕೆಲಸವೇ ಎಂದು ಮನೆಯಲ್ಲಿ ಮೂಗು ಮುರಿದವರಿದ್ದರು. ಅವಳಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷವಾಗಿತ್ತು. ರಿಜಿಸ್ಟರುಗಳು ಉತ್ತರ ಕೇಳುವುದಿಲ್ಲ. ಅವಳದು ಹೇಳಬೇಕಾದ ಮಾತನ್ನು ಮನಸ್ಸಿನೊಳಗೆ ಮೂರು ಸಲ ಜೋಡಿಸಿ ನೋಡುವ ಸ್ವಭಾವ. ಮೂರನೆಯ ಸಲಕ್ಕೆ ಎಲ್ಲ ಸರಿಹೋಗುವಷ್ಟರಲ್ಲಿ ಉಳಿದವರ ಮಾತು ಎರಡು ಊರು ದಾಟಿರುತ್ತಿತ್ತು.

ಆ ರಿಜಿಸ್ಟರುಗಳಲ್ಲಿ ಇದ್ದದ್ದು ಒಂದು ಬಯಲಿನ ಕಥೆ. ಇಪ್ಪತ್ತೊಂದು ವರ್ಷದ ಹಿಂದೆ ದೊಡ್ಡ ಹಡಗುಗಳಿಗಾಗಿ ಬಂದರಿನ ಕಾಲುವೆಯನ್ನು ಆಳ ಮಾಡಿದಾಗ, ಅಲ್ಲಿ ತಲೆತಲಾಂತರದಿಂದ ಇದ್ದ ಕೆಸರುಬಯಲು ಹಡಗುಕಟ್ಟೆಯ ಕೆಳಗೆ ಹೋಯಿತು. ಅದಕ್ಕೆ ಬದಲಿಯಾಗಿ, ಅಗೆದ ಹೂಳನ್ನೇ ಬಂದರಿನ ಇನ್ನೊಂದು ಮಗ್ಗುಲಲ್ಲಿ ಕಲ್ಲಿನ ಒಡ್ಡು ಕಟ್ಟಿ ಸುರಿದು, ಸಮ ಮಾಡಿ, ಉಬ್ಬರದಲ್ಲಿ ಮುಳುಗುವ, ಇಳಿತದಲ್ಲಿ ತೆರೆದುಕೊಳ್ಳುವ ಹೊಸ ಬಯಲೊಂದನ್ನು ಮಾಡಿದರು. ಜನ ಅದನ್ನು ‘ಮಾಡಿದ ಬಯಲು’ ಎಂದೇ ಕರೆದರು. ಮೀನುಗಳು ಅದನ್ನು ಒಪ್ಪುತ್ತವೆಯೋ ಇಲ್ಲವೋ ಇಪ್ಪತ್ತು ವರ್ಷ ಎಣಿಸಿ ನೋಡುವುದು, ಒಪ್ಪದಿದ್ದರೆ ಆ ಜಾಗಕ್ಕೆ ಮಣ್ಣು ತುಂಬಿ ಕಂಟೇನರು ಇಡುವುದು ಎಂದು ಬಂದರು ಮಂಡಳಿ ಅಂದೇ ತೀರ್ಮಾನಿಸಿತ್ತು. ಈಗ ಇಪ್ಪತ್ತು ವರ್ಷ ತುಂಬಿತ್ತು. ಮಂಡಳಿ ಸೇರುವುದಕ್ಕೆ ಹದಿನೆಂಟು ದಿನ ಉಳಿದಿತ್ತು.

ಆಫೀಸಿನ ಸಾಹೇಬರು ಬರೆಸಿದ್ದ, ವರ್ಷವರ್ಷದ ಮೀನಿನ ಲೆಕ್ಕದ ನಕ್ಷೆ ಗೋಡೆಯ ಮೇಲಿತ್ತು. ಮೊದಲ ಎರಡು ವರ್ಷ ಗೆರೆ ನೆಲ ಬಿಟ್ಟು ಏಳುವುದೇ ಇಲ್ಲ. ಆಮೇಲೆ ಏರುತ್ತಾ ಐದನೇ ವರ್ಷದಲ್ಲಿ ಆರು ಸಾವಿರ ಮೀನು. ಅಲ್ಲಿಂದಾಚೆಗೆ ಮಕ್ಕಳ ಜಾರುಬಂಡೆಯ ಹಾಗೆ ಇಳಿದು ಇಪ್ಪತ್ತನೇ ವರ್ಷದಲ್ಲಿ ಮೂರು ಸಾವಿರದ ನೂರು. ಸಾಹೇಬರೇನೂ ಇದರಿಂದ ಸಂತೋಷಪಟ್ಟವರಲ್ಲ. ಅರ್ಧ ನೌಕರಿಯನ್ನು ಆ ಬಯಲಿನ ಜೊತೆಗೇ ಕಳೆದ ಮನುಷ್ಯ ಅವರು. ಆದರೆ ಇಳಿಯುವ ಗೆರೆಯನ್ನು ನಾವು ಬಗ್ಗಿಸುವುದಕ್ಕಾಗುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟು ಕೈ ತೊಳೆದುಕೊಳ್ಳೋಣ ಎಂದು ಹೇಳಿ ಟೀ ಕುಡಿಯುವುದಕ್ಕೆ ಹೋಗಿದ್ದರು.

ಕಂಪ್ಯೂಟರಿನಲ್ಲಿ ಆ ದಿನಕ್ಕೆ ಹದಿನೇಳು ಎಂದಷ್ಟೇ ಇತ್ತು. ಅವಳು ಧೈರ್ಯ ಮಾಡಿ ಟೈಪಿಸ್ಟ್ ಅಕ್ಕನ ಮೇಜಿನ ಹತ್ತಿರ ಹೋಗಿ, ಬಾಯಿ ಬಿಡದೆ, ರಿಜಿಸ್ಟರಿನ ಮೇಲೆ ಬೆರಳಿಟ್ಟು ತೋರಿಸಿದಳು.

“ಅದಾ?” ಎಂದಳು ಟೈಪಿಸ್ಟ್ ಅಕ್ಕ. “ಅರ್ಧ ಮೀನು ಎಲ್ಲಾದ್ರೂ ಈಜುತ್ತಾ ಹೇಳು. ನಾನೇ ತೆಗೆದುಹಾಕ್ದೆ. ಎಂಟು ವರ್ಷದಿಂದ ತೆಗೀತಾನೇ ಇದೀನಿ, ಇದುವರೆಗೂ ಯಾವ ಮೀನೂ ಬಂದು ದೂರು ಕೊಟ್ಟಿಲ್ಲ.”

ಅದನ್ನು ಬರೆದವರು ಯಾರೆಂದು ಕೇಳಿದರೆ, ಕಂಡಕ್ಟ್ರು ಎಂದಳು. ಇಪ್ಪತ್ತು ವರ್ಷ ಆ ಬಯಲಲ್ಲಿ ಬಲೆ ಎಳೆಸಿ ಮೀನು ಎಣಿಸಿದವರು. ಆರು ತಿಂಗಳ ಹಿಂದೆ ನಿವೃತ್ತರಾದರು. ಬಲೆ ಹಿಡಿದವರು ಅವರು ‘ರೈಟ್’ ಅನ್ನುವ ತನಕ ಒಂದು ಹೆಜ್ಜೆ ಇಡುವಂತಿರಲಿಲ್ಲವಂತೆ. ಅದಕ್ಕೇ ಆ ಅಡ್ಡಹೆಸರು ಬಿದ್ದಿರಬೇಕು ಎಂದುಕೊಂಡು ಅವಳು ತನ್ನ ಕುರ್ಚಿಗೆ ಮರಳಿದಳು.

ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಮುಂದಿನ ಕೋಣೆಯೇ ಹೊಲಿಗೆಯಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯುದ್ದಕ್ಕೂ ಅರ್ಧ ಹೊಲಿದ ಅಂಗಿಗಳು, ನೆಲದ ತುಂಬ ದಾರದ ತುಂಡು. ಚಿಕ್ಕಮ್ಮನ ಎದುರಿಗೆ ಮಾತ್ರ ಅವಳ ಬಾಯಿಗೆ ಬೀಗವಿರಲಿಲ್ಲ. ಸಂಜೆ ಕಾಜ ಹೊಲಿಯುತ್ತಾ ಕೂತಿದ್ದ ಚಿಕ್ಕಮ್ಮನಿಗೆ ಅವಳು ಬಯಲು, ಗೆರೆ, ಮಂಡಳಿ ಎಲ್ಲವನ್ನೂ ಹೇಳಿದಳು. ಮೊದಮೊದಲು ಅಲ್ಲಿ ತುಂಬಿದ್ದ ಮೀನು ಬರೀ ಗೋಬಿ ಎಂದಾಗ ಚಿಕ್ಕಮ್ಮ ಸೂಜಿ ನಿಲ್ಲಿಸಿ, ಕೆಸರಿನಲ್ಲಿ ಹೂಕೋಸು ಬೆಳೆಯುವುದಕ್ಕೆ ಮಂಡಳಿಯೇ ಬೇಕಿತ್ತೇ ಎಂದು ಕೇಳಿದಳು. ಅದು ಬೆರಳುದ್ದದ ಕೆಸರುಮೀನು, ತರಕಾರಿಯಲ್ಲ ಎಂದು ತಿಳಿಹೇಳಿದ್ದಾಯಿತು. ಕೊನೆಗೆ ಅರ್ಧ ಮೀನಿನ ವಿಷಯ ಬಂತು. ಕಂಡಕ್ಟ್ರ ಹೆಸರೂ ಬಂತು.

ಚಿಕ್ಕಮ್ಮ ಹಲ್ಲಿನಿಂದ ದಾರ ಕಡಿದಳು.

“ಅವರು ನಿಜವಾಗ್ಲೂ ಕಂಡಕ್ಟ್ರೇ ಕಣೇ ಪುಟ್ಟಿ. ನಾನೂ ನಿಮ್ಮಮ್ಮನೂ ಸ್ಕೂಲಿಗೆ ಹೋಗ್ತಿದ್ದ ಬಸ್ಸಲ್ಲಿದ್ರು. ಆಮೇಲೆ ಆ ರೂಟೇ ನಿಂತುಹೋಯ್ತು, ಬಂದರಿಗೆ ಸೇರ್ಕೊಂಡ್ರು. ಬಸ್ಸಿನ ಬಾಗಿಲಲ್ಲಿ ಒಂದು ಕೆಂಪು ಗೀಟಿತ್ತು. ಗೀಟಿಗಿಂತ ಕೆಳಗಿದ್ರೆ ಆಫ್ ಟಿಕೆಟ್ಟು, ಮೇಲಿದ್ರೆ ಫುಲ್ಲು. ನಾನು ಏಳನೇ ಕ್ಲಾಸಿನ ತನಕ ಮೊಣಕಾಲು ಬಗ್ಗಿಸಿಕೊಂಡೇ ಹತ್ತಿದ್ದು. ನಿಮ್ಮಮ್ಮನಿಗೆ ಪಾಪ ಬಗ್ಗೋಕೆ ಬರ್ತಿರ್ಲಿಲ್ಲ.”

ಚಿಕ್ಕಮ್ಮ ನಗುತ್ತಲೇ ಇದ್ದಳು. ಅವಳು ನಗಲಿಲ್ಲ. ಆಫೀಸಿನ ಸಾಮಾನು ಕೋಣೆಯಲ್ಲಿ ಮೀನು ಅಳೆಯುವ ಮರದ ಹಲಗೆಯೊಂದು ಗೋಡೆಗೊರಗಿ ನಿಂತಿತ್ತು. ಅದರ ಅಳತೆಯ ಗುರುತುಗಳಿಗೆ ಅಡ್ಡವಾಗಿ ಒಂದು ಕೆಂಪು ಗೀಟು ಇದ್ದುದನ್ನು ಅವಳು ನೋಡಿದ್ದಳು. ಯಾರೋ ಬಣ್ಣ ಚೆಲ್ಲಿದ್ದಾರೆ ಎಂದುಕೊಂಡು ಸುಮ್ಮನಾಗಿದ್ದಳು.

ಮರುದಿನ ಬೆಳಿಗ್ಗೆ ಮೊದಲು ಹಲಗೆಯನ್ನು ಬೆಳಕಿಗೆ ಹಿಡಿದಳು. ಬಣ್ಣ ಚೆಲ್ಲಿದ್ದಲ್ಲ. ಆರು ಸೆಂಟಿಮೀಟರಿನ ಮೇಲೆ ಸ್ಕೇಲಿಟ್ಟು ಎಳೆದ, ಮಾಸಿದಾಗಲೆಲ್ಲ ಮತ್ತೆ ಮತ್ತೆ ತಿದ್ದಿದ ಗೀಟು.

ಕಂಡಕ್ಟ್ರ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಮೆಟ್ಟಿಲ ಬುಡದಲ್ಲಿ ನಿಂತು ಅವಳು ತನ್ನ ಮಾತನ್ನು ಮೂರಲ್ಲ, ಆರು ಸಲ ಜೋಡಿಸಿಕೊಂಡಳು. ಬಾಗಿಲು ತೆರೆದವರು ಸಣ್ಣ ಮೈಕಟ್ಟಿನ, ಇಸ್ತ್ರಿ ಮಾಡಿದ ಅಂಗಿಯ ಮುದುಕರು. ಆಫೀಸಿನಿಂದ ಬಂದವಳು ಎಂದು ಗೊತ್ತಾದೊಡನೆ ಅವರ ಮುಖ ಬಿಗಿಯಿತು. ಕೊನೆಯ ದಿನ ತಾವು ಒಂದು ಚೀಲ ತುಂಬ ಪುಸ್ತಕ ಹೊತ್ತು ತಂದಿದ್ದೆವೆಂದೂ, ರಿಜಿಸ್ಟರೇ ಸಾಕು, ಇವೆಲ್ಲ ಯಾಕೆ ಎಂದು ಯಾರೋ ಹೇಳಿದರೆಂದೂ, ಹಾರ ಹಾಕಿಸಿಕೊಂಡು ಚೀಲ ಹೊತ್ತು ವಾಪಸು ಬಂದೆವೆಂದೂ ಅವರು ನಿಂತಲ್ಲೇ ಹೇಳಿ ಮುಗಿಸಿದರು. ಅವಳು ಜೋಡಿಸಿಕೊಂಡು ಬಂದ ಮಾತು ಅಷ್ಟರಲ್ಲಿ ಮರೆತೇಹೋಗಿತ್ತು.

“ಹಲಗೆ ಮೇಲಿನ ಗೀಟು,” ಎಂದಳು. “ಅದರ ಕೆಳಗಿನವು ಆಫ್ ಟಿಕೆಟ್ಟಾ?”

ಮುದುಕರು ಅವಳನ್ನೇ ನೋಡಿದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, ಒಳಗೆ ಬನ್ನಿ ಎಂದರು.

ಮಂಚದ ಕೆಳಗಿನ ಟ್ರಂಕಿನಿಂದ ಒಂದೊಂದಾಗಿ ಹೊರಬಂದವು ಅಂಗೈಯಗಲದ ಪುಸ್ತಕಗಳು, ವರ್ಷಕ್ಕೊಂದರಂತೆ. ಬಸ್ಸಿನಲ್ಲಿ ಪ್ರತಿ ಟ್ರಿಪ್ಪಿಗೂ ಇಷ್ಟು ಫುಲ್ಲು, ಇಷ್ಟು ಆಫು ಎಂದು ಬರೆದಿಡುವ ಚೀಟಿಗೆ ವೇ ಬಿಲ್ಲು ಎನ್ನುತ್ತಾರೆ. ಕಂಡಕ್ಟ್ರು ಬಲೆಗೂ ಅದೇ ಮಾಡಿದ್ದರು. ಆರನೇ ವರ್ಷದಲ್ಲಿ ಬಲೆಯಲ್ಲಿ ಮರಿಗಳು ಕಾಣಿಸತೊಡಗಿದಾಗ, ಆಗ ಆಫೀಸು ನೋಡಿಕೊಳ್ಳುತ್ತಿದ್ದ ಮೇಡಂ ಅವರನ್ನು ಕರೆದು, ಮರಿಗಳನ್ನು ದೊಡ್ಡವುಗಳ ಸಮಕ್ಕೆ ಎಣಿಸಬೇಡಿ ಎಂದಿದ್ದರಂತೆ. ಬೇರೆ ಬರೆಯಿರಿ ಎನ್ನುವುದು ಮೇಡಂ ಮನಸ್ಸಿನಲ್ಲಿ ಇದ್ದದ್ದು. ಹದಿನೆಂಟು ವರ್ಷ ಟಿಕೆಟ್ಟು ಹರಿದ ಕಿವಿಗೆ ಅದು ಕೇಳಿಸಿದ್ದು ಒಂದೇ ರೀತಿಯಲ್ಲಿ. ಗೀಟು ಎಳೆದರು. ಗೀಟಿನ ಕೆಳಗಿನ ಎರಡಕ್ಕೆ ಒಂದು ಎಂದು ಲೆಕ್ಕ ಹಾಕಿ, ರಿಜಿಸ್ಟರಿನಲ್ಲಿ ಒಟ್ಟು ಮಾತ್ರ ಬರೆದರು. ಮರಿಗಳ ಸಂಖ್ಯೆ ಬೆಸವಾದ ದಿನ ಅರ್ಧ ಉಳಿಯಿತು. ಅಷ್ಟರೊಳಗೆ ಮೇಡಮ್ಮಿಗೆ ವರ್ಗವಾಗಿತ್ತು.

ಪುಸ್ತಕ ತಿರುವಿದ ಹಾಗೆ ಅವಳ ಕಣ್ಣು ದೊಡ್ಡದಾಯಿತು. ರಿಜಿಸ್ಟರಿನಲ್ಲಿ ಏಳು ಜಾತಿಯ ಹೆಸರು, ಮಿಕ್ಕಿದ್ದಕ್ಕೆಲ್ಲ ‘ಇತರೆ’ ಎಂಬ ಒಂದೇ ಗುಡ್ಡೆ. ಇಲ್ಲಿ ಮರಿಗಳಿಗೆಲ್ಲ ಕಂಡಕ್ಟ್ರು ತಾವೇ ಹೆಸರಿಟ್ಟು, ಪಕ್ಕದಲ್ಲಿ ಪೆನ್ಸಿಲ್ಲಿನ ಚಿತ್ರ ಬರೆದಿದ್ದರು. ಹವಾಲ್ದಾರರ ತೋಳಿನಂತೆ ಮೈಮೇಲೆ ಮೂರು ಪಟ್ಟಿಯಿದ್ದದ್ದು ಪೊಲೀಸಪ್ಪ. ಕಣ್ಣ ಸುತ್ತ ಬಿಳಿ ಉಂಗುರದ್ದು ಮೇಷ್ಟ್ರು. ಚಪ್ಪಟೆಯಾಗಿ ಮರಳಿಗಂಟಿ ಮಲಗುವುದು ಸೋಮಾರಿ. ಯಾವಾಗಲೂ ಬಲೆಯ ಅಂಚಿನಲ್ಲೇ ನೇತಾಡಿಕೊಂಡು ಬರುವ ಒಂದಕ್ಕೆ ಫುಟ್‌ಬೋರ್ಡು.

“ಇವನ್ನ ಎಸೀಲಿಲ್ಲವಲ್ಲ,” ಎಂದಳು ಅವಳು, ತನಗೇ ಹೇಳಿಕೊಂಡಂತೆ.

“ಚೆಕಿಂಗ್ ಬರದೆ ವೇ ಬಿಲ್ಲು ಎಸೆಯೋ ಹಾಗಿಲ್ಲಮ್ಮ,” ಎಂದರು ಕಂಡಕ್ಟ್ರು. “ಇಪ್ಪತ್ತು ವರ್ಷ ಆಯ್ತು. ಯಾರೂ ಹತ್ತಲೇ ಇಲ್ಲ.”

ಆಗ ಅವಳು ಗೋಡೆಯ ಮೇಲಿನ ಗೆರೆಯ ವಿಷಯ ಹೇಳಲೇಬೇಕಾಯಿತು. ಅರ್ಧ ಮಾಡಿದ ಲೆಕ್ಕದಿಂದಾಗಿ ಮೀನು ಕಡಿಮೆಯಾದಂತೆ ಕಾಣುತ್ತಿರುವುದು, ಮಂಡಳಿ ಕೂರುವುದು, ಮಣ್ಣು, ಕಂಟೇನರು. ಹೇಳುತ್ತಾ ಹೇಳುತ್ತಾ ಅವರ ಮುಖದ ಬಣ್ಣ ಇಳಿಯುವುದು ಕಂಡಿತು. ಅವರು ಕೈಲಿದ್ದ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ಪರೀಕ್ಷೆ ಮಾಡುತ್ತಿದ್ದರು.

“ಹಾಗಾದ್ರೆ ಬಯಲನ್ನ ಹಾಳು ಮಾಡಿದ್ದು ನಾನೇ.”

ಮೂರು ಸಲ ಜೋಡಿಸಿ ನೋಡುವುದಕ್ಕೆ ಸಮಯವಿರಲಿಲ್ಲ. “ಅಲ್ಲ ಅಣ್ಣ,” ಎಂದಳು. “ನೀವು ಅರ್ಧ ಅಂತಾದ್ರೂ ಬರೆದ್ರಿ. ಬೇರೆ ಯಾರಾದ್ರೂ ಆಗಿದ್ರೆ ಮರಿ ತಾನೇ ಅಂತ ನೀರಿಗೆ ಬಿಟ್ಟುಬಿಡ್ತಿದ್ರು. ಆ ಅರ್ಧ ಇದ್ದಿದ್ದಕ್ಕೇ ನಾನು ಇಲ್ಲಿಗೆ ಬಂದೆ.”

ಉಳಿದ ಕೆಲಸ ಚಿಕ್ಕಮ್ಮನ ಮೇಜಿನ ಮೇಲೆ ನಡೆಯಿತು, ಅಷ್ಟು ಪುಸ್ತಕ ಹರಡಲು ಅಷ್ಟುದ್ದದ ಜಾಗ ಬೇರೆಲ್ಲೂ ಇರಲಿಲ್ಲವಾದ್ದರಿಂದ. ಆಫೀಸು ಮುಗಿಸಿ ಅವಳು ಬರುವಷ್ಟರಲ್ಲಿ ಕಂಡಕ್ಟ್ರು ಬಂದು ಕೂತಿರುತ್ತಿದ್ದರು. ಅವರು ಬಸ್ಸಿನ ಗಂಟಲಿನಲ್ಲಿ ಓದುವುದು, ಅವಳು ಬರೆಯುವುದು. ಗೋಬಿ ಫುಲ್ ಹನ್ನೆರಡು, ಪೊಲೀಸಪ್ಪ ಆಫ್ ಮೂವತ್ತು, ಸೋಮಾರಿ ಆಫ್ ಒಂಬತ್ತು. ಅಳತೆ ಕೊಡಲು ಬಂದ ಗಿರಾಕಿಗಳು ಬಾಗಿಲಲ್ಲೇ ತಬ್ಬಿಬ್ಬಾಗಿ ನಿಲ್ಲುತ್ತಿದ್ದರು. ಮೊದಲ ಸಂಜೆಯೇ ಚಿಕ್ಕಮ್ಮ ತಡೆಯಲಾರದೆ ತನ್ನ ಹಳೆಯ ಮೊಣಕಾಲಿನ ಗುಟ್ಟು ಬಾಯಿಬಿಟ್ಟಳು.

“ಗೊತ್ತಿತ್ತು ಬಿಡಮ್ಮ,” ಎಂದರು ಕಂಡಕ್ಟ್ರು, ಪುಸ್ತಕದಿಂದ ತಲೆಯೆತ್ತದೆ. “ಗೀಟು ಮುಟ್ಟೋ ಮುಂಚೇನೇ ನಿಮ್ಮಕ್ಕ ನೆಟ್ಟಗೆ ನಿಂತು ಫುಲ್ ಕೊಟ್ಬಿಡ್ತಿದ್ಲು. ನಿಮ್ಮಿಬ್ಬರದ್ದೂ ಸೇರಿಸಿದ್ರೆ ಸರಿಹೋಗ್ತಿತ್ತು.”

ನಾಲ್ಕು ದಿನಗಳಲ್ಲಿ ಬಯಲು ಬೇರೆಯೇ ಆಗಿ ಕಾಣತೊಡಗಿತು. ಐದನೇ ವರ್ಷದ ಆರು ಸಾವಿರದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗೋಬಿ. ಖಾಲಿ ಸೈಟು ಕಂಡಲ್ಲಿ ಮೊದಲು ಗುಡಾರ ಹಾಕುವವರ ಹಾಗೆ ಬರೀ ಮರಳಿಗೆ ಬಂದು ತುಂಬಿಕೊಂಡದ್ದು ಅವು. ಆಮೇಲೆ ಮರಳಿನ ಮೇಲೆ ಸಣ್ಣ ಕೆಸರು ಕೂತಿತು, ಹುಳ ಬಂದವು, ಒಡ್ಡಿನ ಮಗ್ಗುಲಲ್ಲಿ ನೀರುಹುಲ್ಲು ಹಬ್ಬಿತು. ಗೋಬಿ ಇಳಿಯುತ್ತಾ ಹೋದಂತೆ ಮರಿಗಳು ಏರುತ್ತಾ ಬಂದವು. ಇಪ್ಪತ್ತನೇ ವರ್ಷದಲ್ಲಿ ದೊಡ್ಡ ಮೀನು ಒಂಬೈನೂರು, ಮರಿ ನಾಲ್ಕು ಸಾವಿರದ ನಾನೂರು, ಜಾತಿ ಮೂವತ್ತೊಂದು. ಒಟ್ಟು ಆರು ಸಾವಿರ ಮುಟ್ಟಲಿಲ್ಲ, ಅದನ್ನು ಅವಳು ಮುಟ್ಟಿಸಲೂ ಇಲ್ಲ. ಹನ್ನೊಂದು ಮತ್ತು ಹನ್ನೆರಡನೇ ವರ್ಷದ ಪುಸ್ತಕಗಳು ಇರಲಿಲ್ಲ. ಕಂಡಕ್ಟ್ರು ಕಾಲು ಜಾರಿ ಬಿದ್ದ ದಿನ ಚೀಲದೊಂದಿಗೆ ಉಬ್ಬರಕ್ಕೆ ಹೋಗಿದ್ದವು. ಹೊಸ ನಕ್ಷೆಯಲ್ಲಿ ಆ ಎರಡು ವರ್ಷದ ಜಾಗವನ್ನು ಅವಳು ಖಾಲಿ ಬಿಟ್ಟಳು.

ಸಾಹೇಬರು ನಕ್ಷೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಕನ್ನಡಕ ಹಣೆಗೇರಿಸಿ ಮತ್ತೊಮ್ಮೆ ನೋಡಿದರು. ಅವರ ಕಣ್ಣಲ್ಲಿ ಬಂದ ಹೊಳಪು ಬಂದಷ್ಟೇ ಬೇಗ ಹೋಯಿತು. ಪೊಲೀಸಪ್ಪ, ಮೇಷ್ಟ್ರು ಎಂದು ಬರೆದ ಜೇಬಿನ ಪುಸ್ತಕವನ್ನು ಮಂಡಳಿಯ ಮುಂದಿಟ್ಟರೆ ಅವರು ನಮ್ಮನ್ನು ಮೆಟ್ಟಿಲಿಳಿಸಿ ಕಳಿಸುತ್ತಾರೆ, ಯಾರು ನಂಬುತ್ತಾರೆ ಎಂದರು. ಟೈಪಿಸ್ಟ್ ಅಕ್ಕ ಆಗಲೇ ಊಟದ ಡಬ್ಬಿ ತೆರೆಯುತ್ತಿದ್ದಳು. ಮಾತು ಬೇರೆ ಕಡೆಗೆ ಹೊರಳುವುದರಲ್ಲಿತ್ತು.

“ಒಂದು ಸಲ ಬಲೆ ಎಳೆದು ನೋಡೋಣ ಸರ್,” ಎಂದಳು ಅವಳು. “ಮಂಡಳಿಯವರ ಎದುರಿಗೇ.”

ಆ ಧ್ವನಿ ಎಲ್ಲಿಂದ ಬಂತು ಎಂದು ಇಬ್ಬರೂ ತಿರುಗಿ ನೋಡಿದರು.

ಮಂಡಳಿಯ ಪರವಾಗಿ ಬಂದವರು ಅವರ ಎಂಜಿನಿಯರಮ್ಮ. ಕಂಟೇನರು ನಿಲ್ಲಿಸುವ ಅಂಗಳದ ನಕ್ಷೆ ಬರೆದವರೇ ಅವರು. ಬೆಳಗಿನ ಇಳಿತಕ್ಕೆ ಎಲ್ಲರೂ ಒಡ್ಡಿನ ಮೇಲೆ ಸೇರಿದರು. ರಬ್ಬರ್ ಬೂಟು ಹಾಕಿಕೊಳ್ಳಿ ಎಂದು ಕಂಡಕ್ಟ್ರು ಎರಡು ಸಲ ಹೇಳಿದರೂ ಅವರು ತಮ್ಮ ಷೂ ಸಾಕೆಂದರು. ಇಪ್ಪತ್ತು ಹೆಜ್ಜೆಯೊಳಗೆ ಎಡಗಾಲಿನ ಷೂವನ್ನು ಬಯಲು ಇಟ್ಟುಕೊಂಡಿತು. ಇಬ್ಬರು ಸೇರಿ ಕೈಹಾಕಿ ತಡಕಿದರೂ ಸಿಗಲಿಲ್ಲ. ಅವರು ಸ್ವಲ್ಪ ಹೊತ್ತು ಒಂಟಿಕಾಲಿನಲ್ಲಿ ನಿಂತು, ಇನ್ನೊಂದು ಷೂವನ್ನೂ ಕಳಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲೇ ಮುಂದೆ ನಡೆದರು.

ಮೊಣಕಾಲುದ್ದದ ನೀರಿನಲ್ಲಿ ಬಲೆಯ ಎರಡು ತುದಿಗೆ ಇಬ್ಬರು. ಕಂಡಕ್ಟ್ರು ‘ರೈಟ್’ ಎಂದರು. ಐವತ್ತು ಹೆಜ್ಜೆ. ಬಲೆ ದಡಕ್ಕೆ ಬಂದಾಗ ಅದರಲ್ಲಿ ಇದ್ದದ್ದು ಮೊದಲ ನೋಟಕ್ಕೆ ಕಸ, ಹುಲ್ಲು, ಕೆಸರು. ಆಮೇಲೆ ಆ ಕಸವೆಲ್ಲ ಮಿಸುಕಾಡತೊಡಗಿತು. ಕಂಡಕ್ಟ್ರು ಹಲಗೆ ಮುಂದಿಟ್ಟುಕೊಂಡು ಕೂತು, ಒಂದೊಂದನ್ನೂ ಗೀಟಿಗೆ ಹಿಡಿದು ನೀರಿನ ತೊಟ್ಟಿಗೆ ಬಿಡುತ್ತಾ ಬಾಯಲ್ಲೇ ಎಣಿಸಿ ಮುಗಿಸಿದರು. ಫುಲ್ ಮೂವತ್ತೊಂದು, ಆಫ್ ಇನ್ನೂರ ಹನ್ನೆರಡು. ಒಟ್ಟು ಇನ್ನೂರ ನಲವತ್ತಮೂರು.

ಎಂಜಿನಿಯರಮ್ಮ ಕೆಸರಿನಲ್ಲೇ ಕುಕ್ಕರುಗಾಲಿನಲ್ಲಿ ಕೂತರು. ತೊಟ್ಟಿಯಿಂದ ತೊಟ್ಟಿಗೆ ತಾವೇ ಎಣಿಸಿದರು. ಅರ್ಧ ಗಂಟೆ ಹಿಡಿಯಿತು. ಸಾಹೇಬರು ಮೂರು ಸಲ ಗಡಿಯಾರ ನೋಡಿಕೊಂಡರು.

“ಇನ್ನೂರ ನಲವತ್ತೆರಡು,” ಎಂದರು ಎಂಜಿನಿಯರಮ್ಮ.

ಕಂಡಕ್ಟ್ರು ಬಗ್ಗಿ ಎರಡು ತೊಟ್ಟಿಗಳ ನಡುವಿನ ಕೆಸರನ್ನು ನೋಡಿದರು. ಅಲ್ಲಿಂದ ನೀರಿನ ಅಂಚಿನವರೆಗೆ ಸೂಜಿಯಿಂದ ಗೀರಿದಷ್ಟು ತೆಳ್ಳಗೆ ಒಂದು ಹರಿದಾಟದ ಗುರುತು. “ಫುಟ್‌ಬೋರ್ಡು,” ಎಂದರು. “ಸ್ಟಾಪ್ ಬರೋ ಮುಂಚೇನೇ ಇಳಿದುಹೋಗಿದೆ.”

ಎಂಜಿನಿಯರಮ್ಮನ ತುಟಿಯ ಒಂದು ಮೂಲೆ ಮೇಲೇರಿತು. ಹಳೆಯ ಲೆಕ್ಕದಂತೆ ಬರೆದಿದ್ದರೆ ಇದು ಎಷ್ಟಾಗುತ್ತಿತ್ತು ಎಂದು ಅವರು ಕೇಳಿದರು. ನೂರ ಮೂವತ್ತೇಳು ಎಂದಳು ಅವಳು. ಅವರು ತೊಟ್ಟಿಯನ್ನೇ ನೋಡುತ್ತಿದ್ದರು. ಪಾರದರ್ಶಕ ಮೈಯ, ಕಣ್ಣೇ ದೊಡ್ಡದಾದ ಮರಿಗಳು ಒಂದರ ಹಿಂದೊಂದು ಸುತ್ತುತ್ತಿದ್ದವು. ಇಷ್ಟೊಂದು ಮರಿಯಿದ್ದೂ ದೊಡ್ಡವು ಇಷ್ಟೇ ಯಾಕೆ, ಮರಿಗಳೆಲ್ಲ ಸತ್ತುಹೋಗುತ್ತವೆಯೇ ಎಂದು ಕೇಳಿದರು. ಎಲ್ಲರೂ ಅಂಜುತ್ತಿದ್ದ ಪ್ರಶ್ನೆ ಅದೇ.

“ಹೋಗ್ತವೆ ತಾಯಿ, ಹೊರಗಿನ ಸಮುದ್ರಕ್ಕೆ,” ಎಂದರು ಕಂಡಕ್ಟ್ರು. “ಇದು ಹತ್ತೋ ಸ್ಟಾಪು. ಇಳಿಯೋ ಜನ ಇಲ್ಲಿ ಸಿಗಲ್ಲ.”

ಹೊರಗಿನ ದೋಣಿಗಳ ಬಲೆಗೆ ಹೋಗಿ ಬೀಳುವ ಪೊಲೀಸಪ್ಪಂದಿರು ಮೊದಲು ಶಾಲೆ ಕಲಿತದ್ದು ಈ ಹುಲ್ಲಿನಲ್ಲೇ ಎಂದು ಅವಳು ಸೇರಿಸಿದಳು. ಈ ಸಲ ಅವಳ ಮಾತು ಪೂರ್ತಿಯಾಯಿತು. ಎಂಜಿನಿಯರಮ್ಮ ಎದ್ದು, ತೊಟ್ಟಿಯನ್ನು ತಾವೇ ಎತ್ತಿ, ಮೀನುಗಳನ್ನು ಮೆಲ್ಲಗೆ ನೀರಿಗೆ ಬಿಟ್ಟರು.

ಮಂಡಳಿಯ ಕಾಗದ ಬರಲು ಮೂರು ವಾರ ಹಿಡಿಯಿತು. ಬಯಲು ಶಾಶ್ವತವಾಗಿ ಉಳಿಯಿತು ಎಂದೇನೂ ಅದರಲ್ಲಿ ಬರೆದಿರಲಿಲ್ಲ. ಐದು ವರ್ಷ ಮಣ್ಣು ತುಂಬುವಂತಿಲ್ಲ, ಎಣಿಕೆ ಮುಂದುವರಿಯಬೇಕು, ಮರಿಗಳಿಗೆ ಪ್ರತ್ಯೇಕ ಕಾಲಂ ಇರಬೇಕು, ಒಂದಕ್ಕೆ ಒಂದೆಂದೇ ಬರೆಯಬೇಕು ಎಂದಿತ್ತು. ಸಾಹೇಬರು ಆ ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿ, ಮೂರನೆಯ ಸಲ ಮನಸ್ಸಿನಲ್ಲೇ ಓದಿಕೊಂಡರು. ಟೈಪಿಸ್ಟ್ ಅಕ್ಕ ಹೊಸ ಕಾಲಮ್ಮಿಗೆ ‘ಆಫ್’ ಎಂದು ಹೆಸರು ಟೈಪು ಮಾಡಿ, ಎಂಟು ವರ್ಷ ತೆಗೆದುಹಾಕಿದ್ದಕ್ಕೆ ಇದು ತಪ್ಪುಕಾಣಿಕೆ ಎಂದಳು.

ಎಣಿಕೆ ಮತ್ತೆ ಶುರುವಾದ ಬೆಳಿಗ್ಗೆ ಕಂಡಕ್ಟ್ರೂ ಒಡ್ಡಿನ ಮೇಲಿದ್ದರು, ಚೀಲದೊಂದಿಗೆ. ಕಲ್ಲಿನ ಮೇಲೆ ಹದಿನೆಂಟು ಪುಸ್ತಕಗಳನ್ನು ಸಾಲಾಗಿ ಜೋಡಿಸಿ, ಅವಳ ಕೈಗೆ ಕೆಂಪು ಪೆನ್ನು ಕೊಟ್ಟರು. ಚೆಕಿಂಗ್ ಆದ ವೇ ಬಿಲ್ಲಿಗೆ ಸಹಿ ಬೀಳಬೇಕು, ಅದು ನಿಯಮ ಎಂದರು. ಅವಳು ಒಂದೊಂದರ ಕೊನೆಯ ಪುಟ ತೆರೆದು, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ತಾರೀಕು ಹಾಕಿ ಸಹಿ ಮಾಡಿದಳು. ಹತ್ತನೆಯದರ ಪಕ್ಕದಲ್ಲಿ ಅವರು ಹೊಸದಾಗಿ ಕೊಂಡ ಎರಡು ಖಾಲಿ ಪುಸ್ತಕಗಳನ್ನು ಇಟ್ಟಿದ್ದರು. ಹನ್ನೊಂದು, ಹನ್ನೆರಡು. ಅವಳು ಎರಡರ ಮೊದಲ ಪುಟದಲ್ಲೂ ಒಂದೇ ಸಾಲು ಬರೆದಳು: ಪುಸ್ತಕ ನೀರಿಗೆ ಹೋಗಿದೆ, ಎಣಿಕೆ ಆಗಿತ್ತು. ಕೆಳಗೆ ಸಹಿ ಹಾಕಿದಳು.

ಕಂಡಕ್ಟ್ರು ಅವೆರಡನ್ನೂ ದೂರ ಹಿಡಿದು ಓದಿ, ಮುಚ್ಚಿ, ಚೀಲಕ್ಕಲ್ಲ, ಅಂಗಿಯ ಜೇಬಿಗೆ ಹಾಕಿಕೊಂಡರು.

ಕೆಳಗೆ ನೀರಿನಲ್ಲಿ ಬಲೆ ಹಿಡಿದು ನಿಂತ ಇಬ್ಬರೂ ಮೇಲೆ ನೋಡುತ್ತಿದ್ದರು. ಕಂಡಕ್ಟ್ರು ಬೇಕೆಂದೇ ಸಮುದ್ರದ ಕಡೆ ಮುಖ ತಿರುಗಿಸಿಕೊಂಡಿದ್ದರು. ಅವಳು ಬೂಟಿನಲ್ಲಿ ಕೆಸರಿಗಿಳಿದು, ಗಂಟಲು ಸರಿಮಾಡಿಕೊಂಡು, ರೈಟ್ ಎಂದಳು. ಯಾರಿಗೂ ಕೇಳಿಸಲಿಲ್ಲ.

“ರೈಟ್,” ಎಂದಳು ಇನ್ನೊಮ್ಮೆ. ಬಲೆ ಹೊರಟಿತು.